ನಗರಗಳ ಹಳೆಯ ಅನಿಲ ಕೊಳವೆಗಳ ಬದಲಾವಣೆ

ಮನೆ, ಹೋಟೆಲು, ಆಸ್ಪತ್ರೆ, ಕಾರ್ಖಾನೆಗಳಿಗೆ ನೈಸರ್ಗಿಕ ಅನಿಲ ಹಂಚಲು ನಗರಗಳ ನೆಲದಡಿ ಹೂತಿರುವ ಕೊಳವೆಗಳು ಸವೆದಾಗ ಅವನ್ನು ತೆಗೆದು, ಇಲ್ಲವೇ ಅವುಗಳ ಒಡಲಿನೊಳಗೇ ಹೊಸ ಕೊಳವೆ ತೂರಿಸಿ ಜಾಲವನ್ನು ಮತ್ತೆ ಕಟ್ಟುವ ಕೆಲಸ. ಲಂಡನ್, ನ್ಯೂಯಾರ್ಕ್, ಬಾಸ್ಟನ್, ಷಿಕಾಗೊಗಳಂಥ ಹಳೆಯ ನಗರಗಳಲ್ಲಿ ಇದು ದಶಕಗಳಿಂದ ನಡೆದಿದೆ, ಇನ್ನೂ ಮುಗಿದಿಲ್ಲ. ಕಳೆದ ಐವತ್ತು ವರ್ಷಗಳಲ್ಲಿ ಮಿತಿಮೀರಿ ಹಿಗ್ಗಿದ ಢಾಕಾದಂಥ ನಗರಗಳಿಗೆ ಈಗ ಅನಿವಾರ್ಯವಾಗಿದೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಾದರೋ ಮೊದಲ ತಲೆಮಾರಿನ ಕೊಳವೆಗಳೇ ಈಗ ಮಣ್ಣು ಸೇರುತ್ತಿವೆ.

ಕೊಳವೆ ಹಳತಾಯಿತೆಂದು ಹೇಳಲು ಹೂತ ಇಸವಿಯೊಂದೇ ಸಾಲದು. ಯಾವ ಲೋಹ, ಎಂಥ ಮಣ್ಣು, ಜೋಡಣೆ ಹೇಗೆ, ಮೇಲೆ ಎಷ್ಟು ಭಾರದ ವಾಹನ ಓಡುತ್ತದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಶತಮಾನ ಕಳೆದ ಬೀಡುಕಬ್ಬಿಣದ ಕೊಳವೆ ಒಣ ನೆಲದಲ್ಲಿ ಗಟ್ಟಿಯಾಗಿಯೇ ಉಳಿದಿರಬಹುದು; ಮೂರೇ ವರ್ಷ ಹಿಂದೆ ಮಾಡಿದ ಪ್ಲಾಸ್ಟಿಕ್ ಜೋಡಣೆ ಬಿಟ್ಟುಕೊಂಡು ಜೀವಹಾನಿಯಾದದ್ದೂ ಉಂಟು. ದೊಡ್ಡ ಅಪಘಾತಗಳ ತನಿಖಾ ವರದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ತುಕ್ಕಿನ ಜೊತೆಜೊತೆಗೇ ಮತ್ತೆ ಮತ್ತೆ ಎದುರಾಗುವುದು ಇನ್ನೊಂದು ಕೊರತೆ: ನೆಲದಡಿ ಏನಿದೆ ಎಂಬುದರ ಬಗ್ಗೆ ತಪ್ಪು ದಾಖಲೆ, ಅರೆಬರೆ ನಕ್ಷೆ, ಒಂದು ಇಲಾಖೆಗೆ ಗೊತ್ತಿದ್ದದ್ದು ಇನ್ನೊಂದಕ್ಕೆ ತಲುಪದಿರುವುದು.

ಕಲ್ಲಿದ್ದಲ ಅನಿಲದ ಬಳುವಳಿ

ಯುರೋಪು, ಅಮೆರಿಕಗಳ ಅತಿ ಹಳೆಯ ಕೊಳವೆಗಳನ್ನು ಹೂತದ್ದು ನೈಸರ್ಗಿಕ ಅನಿಲಕ್ಕಾಗಿ ಅಲ್ಲ. ಗಾಳಿ ಸೋಕದಂತೆ ಕಲ್ಲಿದ್ದಲನ್ನು ಕಾಯಿಸಿದಾಗ ಹೊಮ್ಮುವ ಅನಿಲದಿಂದ ವಿಲಿಯಂ ಮರ್ಡಾಕ್ ಎಂಬಾತ 1792ರಲ್ಲಿ ಇಂಗ್ಲೆಂಡಿನ ರೆಡ್ರೂತ್‌ನಲ್ಲಿದ್ದ ತನ್ನ ಮನೆಗೆ ಬೆಳಕು ಮಾಡಿಕೊಂಡ. 1807ರಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಅನಿಲದೀಪಗಳು ಬೆಳಗಿದವು. 1812ರಲ್ಲಿ ಅಲ್ಲಿಯ ಗ್ಯಾಸ್ ಲೈಟ್ ಅಂಡ್ ಕೋಕ್ ಕಂಪನಿಗೆ ರಾಜಮುದ್ರೆಯ ಪರವಾನಗಿ ಸಿಕ್ಕಿತು. ಅಮೆರಿಕದಲ್ಲಿ ಮೊದಲ ಅನಿಲ ಕಂಪನಿ ಹುಟ್ಟಿದ್ದು 1816ರಲ್ಲಿ, ಬಾಲ್ಟಿಮೋರ್‌ನಲ್ಲಿ. ಭಾರತದಲ್ಲಿ ಓರಿಯೆಂಟಲ್ ಗ್ಯಾಸ್ ಕಂಪನಿ 1857ರಲ್ಲಿ ಕಲ್ಕತ್ತದ ಬೀದಿಗಳಿಗೆ ಅನಿಲದೀಪ ತಂದಿತು. ಮುಂಬಯಿಗೆ ಅದು 1860ರ ದಶಕದಲ್ಲಿ ಬಂತು. ಬೆಂಗಳೂರು ಈ ಹಂತವನ್ನೇ ದಾಟಿಬಿಟ್ಟಿತು. ಸೀಮೆಎಣ್ಣೆ ದೀಪದ ಕಂಬಗಳಿಂದ 1905ರಲ್ಲಿ ನೇರವಾಗಿ ಶಿವನಸಮುದ್ರದ ವಿದ್ಯುತ್ತಿಗೆ ನೆಗೆದ ಊರಿದು. ಹಾಗಾಗಿ ಲಂಡನ್ನಿಗೆ ಇರುವ ಹಳೆಯ ಕಬ್ಬಿಣದ ಪೀಡೆ ಬೆಂಗಳೂರಿನ ನೆಲದಡಿ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಕೊಳವೆ ಎಂದರೆ ಬೀಡುಕಬ್ಬಿಣ. ಒಂದು ತುಂಡಿನ ಅಗಲ ಬಾಯಿಗೆ ಮತ್ತೊಂದರ ತುದಿಯನ್ನು ತೂರಿಸಿ, ಸಂದಿಗೆ ಸೆಣಬಿನ ನಾರು ತುರುಕಿ, ಮೇಲೆ ಕರಗಿದ ಸೀಸ ಹೊಯ್ದು ಬಡಿದು ಬಿಗಿ ಮಾಡುತ್ತಿದ್ದರು. ತುಂಡಿನ ಉದ್ದ ಸಾಮಾನ್ಯವಾಗಿ 12 ಅಡಿ. ಅಂದರೆ ಒಂದು ಕಿಲೋಮೀಟರ್ ದಾರಿಯಲ್ಲಿ 270ಕ್ಕೂ ಹೆಚ್ಚು ಜೋಡಣೆ. ಕಲ್ಲಿದ್ದಲ ಅನಿಲ ತೇವದ ಅನಿಲ. ಅದರ ಪಸೆಯಲ್ಲಿ ನಾರು ಸದಾ ಉಬ್ಬಿ ಸಂದಿಯನ್ನು ಮುಚ್ಚಿಕೊಂಡಿರುತ್ತಿತ್ತು. ಒತ್ತಡವೂ ಅತ್ಯಲ್ಪ. ಆದ್ದರಿಂದ ಈ ಏರ್ಪಾಡು ನೂರು ವರ್ಷ ಹೆಚ್ಚು ತಕರಾರಿಲ್ಲದೆ ನಡೆಯಿತು.

ಆಮೇಲೆ ನೈಸರ್ಗಿಕ ಅನಿಲ ಬಂತು. ಉತ್ತರ ಸಮುದ್ರದಲ್ಲಿ 1965ರಲ್ಲಿ ನಿಕ್ಷೇಪ ಸಿಕ್ಕ ಮೇಲೆ ಬ್ರಿಟನ್ 1967ರಿಂದ 1977ರವರೆಗೆ ದೇಶದ ಸುಮಾರು 1.3 ಕೋಟಿ ಗ್ರಾಹಕರ ಒಲೆ, ಬಾಯ್ಲರುಗಳನ್ನು ಮನೆಮನೆಗೆ ಹೋಗಿ ಹೊಸ ಅನಿಲಕ್ಕೆ ಒಗ್ಗಿಸಿತು. ಅಷ್ಟು ದೊಡ್ಡ ಕೆಲಸವನ್ನು ಹತ್ತೇ ವರ್ಷದಲ್ಲಿ ಮುಗಿಸಿದ್ದು ಸಾಹಸವೇ. ಆದರೆ ಬದಲಾದದ್ದು ಒಲೆ, ಕೊಳವೆಯಲ್ಲ. ನೈಸರ್ಗಿಕ ಅನಿಲ ಒಣ ಅನಿಲ. ಅದು ಹರಿಯತೊಡಗಿದ ಮೇಲೆ ಸಂದಿಯ ನಾರು ಒಣಗಿ ಕುಗ್ಗಿತು, ಜೋಡಣೆಗಳು ಸೋರತೊಡಗಿದವು. ನಾರು ಮತ್ತೆ ಉಬ್ಬಲೆಂದು ಕಂಪನಿಗಳು ಅನಿಲದೊಳಕ್ಕೆ ಗ್ಲೈಕಾಲ್ ಆವಿ ಬೆರೆಸುವ ಪದ್ಧತಿ ತಂದವು. ಅದು ಕಾಲ ತಳ್ಳುವ ಉಪಾಯವಾಗಿತ್ತು.

ಸವೆತದ ಬಗೆಗಳು

ಬೀಡುಕಬ್ಬಿಣದೊಳಗೆ ಗ್ರಾಫೈಟಿನ ಸಣ್ಣ ಪದರಗಳಿರುತ್ತವೆ. ತೇವದ, ಆಮ್ಲೀಯ ಅಥವಾ ಉಪ್ಪಿನ ಮಣ್ಣಿನಲ್ಲಿ ಕಬ್ಬಿಣ ನಿಧಾನವಾಗಿ ಕರಗಿಹೋಗಿ ಗ್ರಾಫೈಟ್ ಮಾತ್ರ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಕೊಳವೆಯ ಆಕಾರ, ದಪ್ಪ ಎಲ್ಲ ಹಾಗೆಯೇ ಇರುತ್ತದೆ. ಚಾಕು ಹಾಕಿ ಕೆರೆದರೆ ಪೆನ್ಸಿಲ್ಲಿನ ಮೊನೆಯಂತೆ ಪುಡಿಯಾಗಿ ಬರುತ್ತದೆ. ಇಂಥ ಕೊಳವೆ ತೂತಾಗುವುದಕ್ಕಿಂತ ಹೆಚ್ಚಾಗಿ ಒಮ್ಮೆಲೇ ಅಡ್ಡಡ್ಡ ಮುರಿಯುತ್ತದೆ. ಚಳಿದೇಶಗಳಲ್ಲಿ ಹಿಮಗಟ್ಟಿದ ನೆಲ ಉಬ್ಬಿದಾಗ, ಪಕ್ಕದಲ್ಲಿ ಯಾರೋ ಗುಂಡಿ ತೋಡಿ ಮಣ್ಣು ಸಡಿಲವಾದಾಗ ಹೀಗಾಗುತ್ತದೆ. ಮೇಲಿನ ನೆಲ ಹೆಪ್ಪುಗಟ್ಟಿದ್ದರೆ ಅನಿಲ ಮೇಲೆ ಬರಲಾರದೆ ಕಾಲುವೆ, ಕೇಬಲ್ ಸುರಂಗ, ನೆಲಮಾಳಿಗೆಗಳ ದಾರಿ ಹಿಡಿಯುತ್ತದೆ. ಫೆಬ್ರವರಿ 2011ರಲ್ಲಿ ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ನಲ್ಲಿ ಐವರನ್ನು ಬಲಿ ತೆಗೆದುಕೊಂಡ ಸ್ಫೋಟಕ್ಕೆ ಕಾರಣವಾದದ್ದು 1928ರಲ್ಲಿ ಹೂತ ಬೀಡುಕಬ್ಬಿಣದ ಕೊಳವೆಯ ಬಿರುಕು. ಮುರಿದ ಕೊಳವೆಗೆ ಹರಿಯುತ್ತಿದ್ದ ಅನಿಲವನ್ನು ತಡೆಯಲು ಗಂಟೆಗಟ್ಟಲೆ ಹಿಡಿಯಿತು.

ಉಕ್ಕಿನ ರೋಗ ಬೇರೆ. ಲೇಪನವಿಲ್ಲದೆ ಹೂತ ಉಕ್ಕಿಗೆ ಅಲ್ಲಲ್ಲಿ ಗುಳಿಬಿದ್ದು ತೂತಾಗುತ್ತದೆ. ಇದನ್ನು ತಡೆಯಲು ಕೊಳವೆಗೆ ಪ್ಲಾಸ್ಟಿಕ್ ಹೊದಿಕೆ ಕೊಟ್ಟು, ಅದರೊಂದಿಗೆ ಮಂದ ನೇರವಿದ್ಯುತ್ತು ಹರಿಸುವ ಕ್ಯಾಥೋಡಿಕ್ ರಕ್ಷಣೆ ಏರ್ಪಡಿಸುತ್ತಾರೆ. ನೇರವಿದ್ಯುತ್ತಿನಿಂದ ಓಡುವ ಟ್ರಾಮ್, ಮೆಟ್ರೊ ರೈಲುಗಳು ಹತ್ತಿರವಿದ್ದರೆ ಹಳಿಯಿಂದ ನೆಲಕ್ಕೆ ತಪ್ಪಿಸಿಕೊಂಡ ವಿದ್ಯುತ್ತು ಉಕ್ಕಿನ ಕೊಳವೆಯ ಮೂಲಕ ಹಾದು, ಹೊರಬೀಳುವ ಜಾಗದಲ್ಲಿ ಲೋಹವನ್ನು ತಿನ್ನುತ್ತದೆ. ನಮ್ಮ ಮೆಟ್ರೊ 750 ವೋಲ್ಟಿನ ನೇರವಿದ್ಯುತ್ತಿನ ಮೂರನೆಯ ಹಳಿಯಿಂದ ಓಡುವ ರೈಲಾದ್ದರಿಂದ ಬೆಂಗಳೂರಿನ ಉಕ್ಕಿನ ಕೊಳವೆಗಳ ಮಟ್ಟಿಗೂ ಇದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಅಂಶ.

1960ರ ದಶಕದಿಂದ ಪಾಲಿಎಥಿಲೀನ್ ಕೊಳವೆ ಬಳಕೆಗೆ ಬಂತು. ಅದಕ್ಕೆ ತುಕ್ಕಿಲ್ಲ, ಬಾಗುತ್ತದೆ, ಸುರುಳಿಯಾಗಿ ಸುತ್ತಿ ತರಬಹುದು. ಜನವರಿ 1995ರ ಕೋಬೆ ಭೂಕಂಪದಲ್ಲಿ ಸುಮಾರು 8.57 ಲಕ್ಷ ಗ್ರಾಹಕರಿಗೆ ಅನಿಲ ಪೂರೈಕೆ ನಿಲ್ಲಿಸಬೇಕಾಯಿತು. ಉಕ್ಕು ಮತ್ತು ಕಬ್ಬಿಣದ ಹಳೆಯ ಜೋಡಣೆಗಳು ಬಿಟ್ಟುಕೊಂಡರೂ ಪಾಲಿಎಥಿಲೀನ್ ಕೊಳವೆಗಳು ತಡೆದುಕೊಂಡವು. ಜಪಾನ್ ಆಮೇಲೆ ಈ ಕೊಳವೆಗೆ ಒಲಿದದ್ದರಲ್ಲಿ ಆಶ್ಚರ್ಯವಿಲ್ಲ. ಹಾಗೆಂದು ಪ್ಲಾಸ್ಟಿಕ್ ಅಜರಾಮರವೇನಲ್ಲ. ಡ್ಯುಪಾಂಟ್ ಕಂಪನಿಯ ಆಲ್ಡಿಲ್-ಎ ಎಂಬ ಆರಂಭದ ಕೊಳವೆಗಳಲ್ಲಿ ಕೆಲವು ವರ್ಷಗಳ ತಯಾರಿಕೆಯವು ಬೇರು, ಕಲ್ಲು ಒತ್ತಿದ ಕಡೆ ನಿಧಾನವಾಗಿ ಸೀಳುತ್ತವೆಂದು ತಿಳಿದು, ಅಮೆರಿಕದಲ್ಲಿ ಈಗ ಅವನ್ನೂ ಬದಲಾಯಿಸುತ್ತಿದ್ದಾರೆ.

ಬೆಳೆಯುವ ನಗರದ ಭಾರ

ನಗರ ಬೆಳೆದಂತೆ ಕೊಳವೆಗೆ ಎರಡು ಕಡೆಯಿಂದ ಒತ್ತಡ: ಒಳಗಿನಿಂದ ಬೇಡಿಕೆ, ಹೊರಗಿನಿಂದ ಅಗೆತ. ಎರಡನೆಯದೇ ಹೆಚ್ಚು ಜೀವ ತೆಗೆದಿದೆ. ಏಪ್ರಿಲ್ 8, 1970ರಂದು ಜಪಾನಿನ ಒಸಾಕಾದಲ್ಲಿ ಸುರಂಗ ರೈಲಿಗಾಗಿ ತೋಡಿದ ಹಳ್ಳದಲ್ಲಿ ಅನಿಲ ಕೊಳವೆಯ ಜೋಡಣೆ ಕಳಚಿಕೊಂಡು ನಡೆದ ಸ್ಫೋಟದಲ್ಲಿ 79 ಮಂದಿ ಸತ್ತರು. ಏಪ್ರಿಲ್ 28, 1995ರಂದು ದಕ್ಷಿಣ ಕೊರಿಯಾದ ದೇಗುವಿನಲ್ಲಿ ಕಟ್ಟಡ ಕಾಮಗಾರಿಯವರು ಕೊರೆಯುವಾಗ ಅನಿಲ ಕೊಳವೆ ತೂತಾಯಿತು. ಅನಿಲ ಪಕ್ಕದ ಮೆಟ್ರೊ ಕಾಮಗಾರಿಯ ಹಳ್ಳಕ್ಕೆ ತುಂಬಿಕೊಂಡು ಸಿಡಿದು, ಶಾಲೆಗೆ ಹೊರಟ ಮಕ್ಕಳೂ ಸೇರಿ 101 ಮಂದಿ ಪ್ರಾಣ ಕಳೆದುಕೊಂಡರು. ಎರಡೂ ಊರುಗಳು ಆಗ ಅವಸರದಲ್ಲಿ ಬೆಳೆಯುತ್ತಿದ್ದವು.

ಕೊಳವೆಯ ಮೇಲೆಯೇ ಕಟ್ಟಡ ಏಳುವುದು ಇನ್ನೊಂದು ಬಗೆ. ಚೀನಾದ ಹುಬೆ ಪ್ರಾಂತದ ಷಿಯಾನ್ ನಗರದಲ್ಲಿ ಜೂನ್ 13, 2021ರ ಬೆಳಿಗ್ಗೆ ಮಾರುಕಟ್ಟೆಯೊಂದು ಸಿಡಿದು 26 ಮಂದಿ ಸತ್ತರು. ಕಟ್ಟಡ ನಿಂತದ್ದು ಮುಚ್ಚಿದ ನೀರುಗಾಲುವೆಯ ಮೇಲೆ. ಅದರಡಿಯ ತೇವದಲ್ಲಿ ಅನಿಲ ಕೊಳವೆ ತುಕ್ಕು ಹಿಡಿದು ಒಡೆದಿತ್ತು, ಮುಚ್ಚಿದ ಜಾಗದಲ್ಲಿ ಅನಿಲ ಶೇಖರವಾಗಿತ್ತು. ಮರುವರ್ಷ ಚೀನಾ ಸರ್ಕಾರ ನಗರಗಳ ಹಳೆಯ ಅನಿಲ ಕೊಳವೆಗಳ ನವೀಕರಣಕ್ಕೆ 2022ರಿಂದ 2025ರವರೆಗಿನ ರಾಷ್ಟ್ರೀಯ ಯೋಜನೆ ಹೊರಡಿಸಿತು.

ಢಾಕಾದ ಸ್ಥಿತಿ ನಮಗೆ ಇನ್ನೂ ಪರಿಚಿತವೆನಿಸುತ್ತದೆ. ತಿತಾಸ್ ಗ್ಯಾಸ್ ಕಂಪನಿ 1964ರಲ್ಲಿ ಹುಟ್ಟಿ 1968ರಿಂದ ಅನಿಲ ಪೂರೈಸುತ್ತಿದೆ. ಆಗಿನ ಸಣ್ಣ ಊರಿಗೆಂದು ಹಾಕಿದ ಜಾಲದ ಮೇಲೆ ಮಹಾನಗರ ಕುಳಿತಿದೆ; ಅದರ ಜೊತೆಗೆ ಕದ್ದ ಸಂಪರ್ಕಗಳ ಹಾವಳಿ. ಸೆಪ್ಟೆಂಬರ್ 2020ರಲ್ಲಿ ಪಕ್ಕದ ನಾರಾಯಣಗಂಜದ ಮಸೀದಿಯೊಂದರಲ್ಲಿ ರಾತ್ರಿ ಪ್ರಾರ್ಥನೆಯ ಹೊತ್ತಿಗೆ ಸೋರಿದ ಅನಿಲ ಹೊತ್ತಿಕೊಂಡು 30ಕ್ಕೂ ಹೆಚ್ಚು ಜನ ಸತ್ತರು. ಏಪ್ರಿಲ್ 24, 2023ರ ರಾತ್ರಿ ಢಾಕಾದ ಬಡಾವಣೆ ಬಡಾವಣೆಗಳಲ್ಲೂ ಅನಿಲದ ವಾಸನೆ ಹಬ್ಬಿ ಜನ ಗಾಬರಿಯಾದರು. ಈದ್ ರಜೆಗೆ ಕಾರ್ಖಾನೆಗಳು ಮುಚ್ಚಿದ್ದರಿಂದ ಬಳಕೆ ಇಳಿದು ಕೊಳವೆಯ ಒತ್ತಡ ಏರಿತ್ತು. ಅಲ್ಲಿಯವರೆಗೆ ಅಡಗಿದ್ದ ಸೋರಿಕೆಗಳೆಲ್ಲ ಒಟ್ಟಿಗೆ ಬಯಲಾದವು. ಒಂದು ನಗರದ ಕೊಳವೆಗಳ ಆರೋಗ್ಯ ತಪಾಸಣೆ ಹಾಗೆ, ಯಾರೂ ಯೋಜಿಸದೆ, ಒಂದೇ ರಾತ್ರಿಯಲ್ಲಿ ನಡೆದುಹೋಯಿತು.

ಬ್ರಿಟನ್ನಿನ ಮೂವತ್ತು ವರ್ಷದ ಯೋಜನೆ

ಸ್ಕಾಟ್ಲೆಂಡಿನ ಲಾರ್ಕ್‌ಹಾಲ್ ಎಂಬಲ್ಲಿ ಡಿಸೆಂಬರ್ 22, 1999ರಂದು ಮನೆಯೊಂದು ಸಿಡಿದು ಒಂದೇ ಕುಟುಂಬದ ನಾಲ್ವರು ಸತ್ತರು. ಕಾರಣ, ತುಕ್ಕು ತಿಂದ ಕಬ್ಬಿಣದ ಕೊಳವೆ. ಅದು ಹತ್ತೊಂಬತ್ತನೆಯ ಶತಮಾನದ ಬೀಡುಕಬ್ಬಿಣವೂ ಅಲ್ಲ, ಬಾಗುವ ಗುಣ ತುಂಬಿದ ಸುಧಾರಿತ ‘ಡಕ್ಟೈಲ್’ ಕಬ್ಬಿಣ. ಕೊಳವೆ ಜಾಲದ ಒಡೆತನವಿದ್ದ ಟ್ರಾನ್ಸ್‌ಕೊ ಕಂಪನಿಗೆ 2005ರಲ್ಲಿ ನ್ಯಾಯಾಲಯ 1.5 ಕೋಟಿ ಪೌಂಡ್ ದಂಡ ವಿಧಿಸಿತು.

ಈ ದುರಂತದ ಬೆನ್ನಲ್ಲೇ, 2002ರಲ್ಲಿ, ಬ್ರಿಟನ್ನಿನ ಸುರಕ್ಷತಾ ಇಲಾಖೆಯ ಒತ್ತಾಯದ ಮೇಲೆ ದೊಡ್ಡ ಕಾರ್ಯಕ್ರಮ ಶುರುವಾಯಿತು. ಕಟ್ಟಡಗಳಿಂದ 30 ಮೀಟರಿನೊಳಗೆ ಇರುವ ಕಬ್ಬಿಣದ ಕೊಳವೆಗಳನ್ನೆಲ್ಲ 30 ವರ್ಷದಲ್ಲಿ, ಅಂದರೆ 2032ರ ಹೊತ್ತಿಗೆ, ಬಳಕೆಯಿಂದ ತೆಗೆಯಬೇಕೆಂಬುದು ಗುರಿ. ಅಪಾಯವನ್ನು ಅಂಕಗಳಲ್ಲಿ ಅಳೆದು, ಮನೆಗೆ ಹತ್ತಿರವಿರುವ, ಹಿಂದೆ ಒಡೆದಿರುವ ಕೊಳವೆಗೆ ಮೊದಲ ಸರದಿ. 2013ರಿಂದ ವ್ಯಾಸದ ಮೇಲೆ ಮೂರು ದರ್ಜೆ ಮಾಡಿದರು: 8 ಅಂಗುಲದವರೆಗಿನ ಕೊಳವೆಗಳ ಬದಲಾವಣೆ ಕಡ್ಡಾಯ, ಅದಕ್ಕಿಂತ ದಪ್ಪನೆಯವುಗಳ ವಿಷಯದಲ್ಲಿ ಅಪಾಯ ಮತ್ತು ಖರ್ಚು ತೂಗಿ ನಿರ್ಧಾರ. ಸಣ್ಣ ಕೊಳವೆಯೇ ಬೇಗ ಮುರಿಯುವುದರಿಂದ ಈ ವಿಂಗಡಣೆ ಸರಿಯಾದದ್ದೇ. ಒಂದು ದೇಶ ಗಡುವು ಗೊತ್ತುಮಾಡಿ, ಖರ್ಚನ್ನು ಗ್ರಾಹಕರ ಬಿಲ್ಲಿನಲ್ಲಿ ಹಂಚಿ, ಎರಡು ದಶಕ ಮೀರಿ ಪಟ್ಟು ಬಿಡದೆ ನಡೆಸಿದ ನವೀಕರಣಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಅಮೆರಿಕ: ದಾಖಲೆಯ ದೋಷ, ಕಾಮಗಾರಿಯ ಅಪಾಯ

ಅಮೆರಿಕದಲ್ಲಿ ಒಂದೇ ಗಡುವು ಇಲ್ಲ. ರಾಜ್ಯಕ್ಕೊಂದು ನಿಯಮ, ಕಂಪನಿಗೊಂದು ವೇಗ. ಆಲೆನ್‌ಟೌನ್ ದುರಂತದ ನಂತರ ಅಲ್ಲಿನ ಕಂಪನಿ 14 ವರ್ಷದಲ್ಲಿ ಬೀಡುಕಬ್ಬಿಣ ತೆಗೆಯಲು ಒಪ್ಪಿತು. ಮ್ಯಾಸಚೂಸೆಟ್ಸ್ 2014ರಲ್ಲಿ ಕಾನೂನು ಮಾಡಿ, ಸೋರಿಕೆಗಳನ್ನು ಅಪಾಯದ ಮೇರೆಗೆ ಮೂರು ದರ್ಜೆಯಾಗಿ ವಿಂಗಡಿಸಲು, ಬದಲಾವಣೆಯ ವಾರ್ಷಿಕ ಯೋಜನೆ ಸಲ್ಲಿಸಲು ಕಂಪನಿಗಳಿಗೆ ಹೇಳಿತು. 2021ರ ಮೂಲಸೌಕರ್ಯ ಕಾನೂನಿನಡಿ, ಊರಿನ ಒಡೆತನದ ಅನಿಲ ಸಂಸ್ಥೆಗಳಿಗೆ ಐದು ವರ್ಷಕ್ಕೆ 100 ಕೋಟಿ ಡಾಲರ್ ನೆರವು ಮೀಸಲಾಯಿತು.

ದಾಖಲೆಯ ದೋಷ ಎಷ್ಟು ದುಬಾರಿ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊ ಸಾಕ್ಷಿ. ಅಲ್ಲಿ ಸೆಪ್ಟೆಂಬರ್ 9, 2010ರಂದು ಒಡೆದದ್ದು ಬಡಾವಣೆಯ ಕೆಳಗೆ ಹಾದಿದ್ದ 30 ಅಂಗುಲದ ಮುಖ್ಯ ಮಾರ್ಗ, 1956ರಲ್ಲಿ ಹೂತದ್ದು. ಎಂಟು ಮಂದಿ ಸತ್ತರು, 38 ಮನೆ ಸುಟ್ಟುಹೋದವು, ಅನಿಲ ನಿಲ್ಲಿಸಲು 95 ನಿಮಿಷ ಬೇಕಾಯಿತು. ಕಂಪನಿಯ ಕಡತದಲ್ಲಿ ಅದು ಬೆಸುಗೆಯ ಗೆರೆಯೇ ಇಲ್ಲದ ಕೊಳವೆ ಎಂದಿತ್ತು. ನೆಲದಲ್ಲಿದ್ದದ್ದು ಉದ್ದಕ್ಕೂ ಅರೆಬೆಸುಗೆ ಹಾಕಿದ ತುಂಡುಗಳು. ಇಲ್ಲದ ಗುಣವನ್ನು ಕಡತದಲ್ಲಿ ನಂಬಿ ಅರ್ಧ ಶತಮಾನ ಅನಿಲ ಹರಿಸಿದ್ದರು.

ಬದಲಾಯಿಸುವ ಕೆಲಸವೇ ದುರಂತ ತಂದದ್ದು ಬಾಸ್ಟನ್ನಿನ ಉತ್ತರಕ್ಕಿರುವ ಮೆರಿಮ್ಯಾಕ್ ಕಣಿವೆಯಲ್ಲಿ. ಈ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಲಾರೆನ್ಸ್, ಆಂಡೋವರ್, ನಾರ್ತ್ ಆಂಡೋವರ್ ಊರುಗಳ ಹಳೆಯ ಜಾಲ ಅತಿ ಕಡಿಮೆ ಒತ್ತಡದ್ದು: ಚದರ ಅಂಗುಲಕ್ಕೆ ಸುಮಾರು ಅರ್ಧ ಪೌಂಡ್. ಅದಕ್ಕೆ ಅನಿಲ ಕೊಡುತ್ತಿದ್ದ ಮಾರ್ಗದಲ್ಲಿ 75 ಪೌಂಡ್. ನಡುವೆ ಒತ್ತಡ ಇಳಿಸುವ ನಿಯಂತ್ರಕಗಳು. ಕೆಳಗಿನ ಜಾಲದಲ್ಲಿ ಒತ್ತಡ ಎಷ್ಟಿದೆಯೆಂದು ನಿಯಂತ್ರಕಕ್ಕೆ ತಿಳಿಸಲು ಸಣ್ಣ ನಳಿಕೆಯೊಂದು ಬೀಡುಕಬ್ಬಿಣದ ಕೊಳವೆಗೆ ಸೇರಿರುತ್ತದೆ. ಸೆಪ್ಟೆಂಬರ್ 13, 2018ರಂದು ಕಾರ್ಮಿಕರು ಲಾರೆನ್ಸಿನಲ್ಲಿ ಹೊಸ ಪ್ಲಾಸ್ಟಿಕ್ ಕೊಳವೆ ಜೋಡಿಸಿ ಹಳೆಯ ಕಬ್ಬಿಣದ ಕೊಳವೆಯನ್ನು ಬೇರ್ಪಡಿಸಿದರು. ಆ ಸಣ್ಣ ನಳಿಕೆ ಇನ್ನೂ ಹಳೆಯ ಕೊಳವೆಯಲ್ಲೇ ಇದೆ ಎಂಬುದು ಅವರಿಗೆ ಕೊಟ್ಟ ಕೆಲಸದ ಕಾಗದದಲ್ಲಿ ಇರಲಿಲ್ಲ. ಬೇರ್ಪಟ್ಟ ಕೊಳವೆಯ ಒತ್ತಡ ಇಳಿಯುತ್ತ ಹೋಯಿತು. ಜಾಲಕ್ಕೆ ಅನಿಲ ಸಾಲದೆಂದು ಭಾವಿಸಿದ ನಿಯಂತ್ರಕ ಬಾಯಿ ಪೂರ್ತಿ ತೆರೆಯಿತು. ನಿಮಿಷಗಳಲ್ಲಿ ಮೂರೂ ಊರುಗಳ ಒಲೆ, ಬಾಯ್ಲರುಗಳಲ್ಲಿ ಜ್ವಾಲೆ ಭುಗಿಲೆದ್ದಿತು. 131 ಕಟ್ಟಡಗಳಿಗೆ ಹಾನಿಯಾಯಿತು, ಹದಿನೆಂಟರ ಯುವಕನೊಬ್ಬ ಸತ್ತ, ಸುಮಾರು 10,900 ಗ್ರಾಹಕರಿಗೆ ಅನಿಲ ನಿಂತಿತು. ಚಳಿಗಾಲ ಬಂದರೂ ಅನೇಕರ ಮನೆಗೆ ಬೆಚ್ಚನೆಯ ವ್ಯವಸ್ಥೆ ಮರಳಿರಲಿಲ್ಲ. ಕೊಲಂಬಿಯಾ ಗ್ಯಾಸ್ ಕಂಪನಿ 2020ರಲ್ಲಿ ತಪ್ಪೊಪ್ಪಿಕೊಂಡು 5.3 ಕೋಟಿ ಡಾಲರ್ ದಂಡ ಕಟ್ಟಿತು, ಆ ರಾಜ್ಯದ ವ್ಯವಹಾರವನ್ನು ಮಾರಿ ಹೊರಟಿತು. ಅನಿಲ ಕಾಮಗಾರಿಯ ನಕ್ಷೆಗೆ ನೋಂದಾಯಿತ ಎಂಜಿನಿಯರನ ಸಹಿ ಬೇಕೆಂಬ ನಿಯಮ ಮ್ಯಾಸಚೂಸೆಟ್ಸ್‌ನಲ್ಲಿ ಬಂದದ್ದು ಈ ದುರಂತದ ಮೇಲೆಯೇ. ಅಲ್ಲಿಯವರೆಗೆ ಆ ಸಹಿಯ ವಿನಾಯಿತಿ ಇತ್ತೆಂಬುದನ್ನು ಓದಿದಾಗ ಬೆರಗಾಗುತ್ತದೆ.

ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿ ಮಾರ್ಚ್ 12, 2014ರಂದು ಎರಡು ಕಟ್ಟಡ ಕುಸಿದು ಎಂಟು ಮಂದಿ ಸತ್ತ ಪ್ರಕರಣದಲ್ಲಿ ಬಿಟ್ಟುಕೊಂಡದ್ದು 2011ರಲ್ಲಿ ಮಾಡಿದ ಪ್ಲಾಸ್ಟಿಕ್ ಬೆಸುಗೆ. ಜೊತೆಗೆ ಅಲ್ಲಿನ ಒಳಚರಂಡಿಯ ಗೋಡೆಯಲ್ಲಿ ತೂತಿತ್ತು. ಅದರೊಳಕ್ಕೆ ಮಣ್ಣು ಕೊಚ್ಚಿಹೋಗಿ ಅನಿಲ ಕೊಳವೆಯ ಕೆಳಗಿನ ಆಧಾರ ತಪ್ಪಿತ್ತು. ಆ ತೂತು ನಗರಾಡಳಿತಕ್ಕೆ 2006ರಿಂದಲೇ ಗೊತ್ತಿತ್ತು.

ಕೆಲಸದ ವಿಧಾನ

ರಸ್ತೆ ಪೂರ್ತಿ ಅಗೆದು ಹೊಸ ಕೊಳವೆ ಹೂಳುವುದು ಸರಳ, ಆದರೆ ದಟ್ಟ ಊರಿನಲ್ಲಿ ದುಬಾರಿ. ಹಾಗಾಗಿ ಹೆಚ್ಚು ಬಳಕೆಯಲ್ಲಿರುವುದು ತೂರಿಕೆ: ಎರಡು ಗುಂಡಿ ತೋಡಿ, ಹಳೆಯ ಕಬ್ಬಿಣದ ಕೊಳವೆಯ ಒಳಗೆ ಅದಕ್ಕಿಂತ ಸಣ್ಣ ಪಾಲಿಎಥಿಲೀನ್ ಕೊಳವೆಯನ್ನು ತಳ್ಳಿಕೊಂಡು ಹೋಗುವುದು. ಕೊಳವೆ ಕಿರಿದಾದರೆ ಅನಿಲ ಸಾಲದಲ್ಲ ಎಂಬ ಪ್ರಶ್ನೆಗೆ ಉತ್ತರ ಒತ್ತಡದಲ್ಲಿದೆ. ಕಡಿಮೆ ಒತ್ತಡದ ಜಾಲವನ್ನು ಮಧ್ಯಮ ಒತ್ತಡಕ್ಕೆ ಏರಿಸಿದರೆ ಸಣ್ಣ ಕೊಳವೆಯೇ ಹಿಂದಿನದಕ್ಕಿಂತ ಹೆಚ್ಚು ಅನಿಲ ಸಾಗಿಸುತ್ತದೆ. ಆಗ ಪ್ರತಿ ಮನೆಯ ಹೊರಗೂ ಒತ್ತಡ ಇಳಿಸುವ ಪುಟ್ಟ ನಿಯಂತ್ರಕ ಕೂರಿಸಬೇಕಾಗುತ್ತದೆ. ಬೆಳೆಯುವ ನಗರದ ಬೇಡಿಕೆಗೂ ಇದೇ ಪರಿಹಾರ. ಅಷ್ಟೇ ದಪ್ಪದ ಅಥವಾ ಇನ್ನೂ ದಪ್ಪನೆಯ ಕೊಳವೆ ಬೇಕಿದ್ದರೆ ಹಳೆಯದನ್ನು ಒಳಗಿನಿಂದ ಒಡೆದು ಚೂರುಗಳನ್ನು ಸುತ್ತಲ ಮಣ್ಣಿಗೆ ಒತ್ತುತ್ತ ಹೊಸದನ್ನು ಎಳೆದು ತರುವ ವಿಧಾನವಿದೆ.

ಭಾರಿ ವ್ಯಾಸದ ಕಬ್ಬಿಣದ ಕೊಳವೆಗಳನ್ನು ತೆಗೆಯುವುದೇ ಕಷ್ಟವಾದಾಗ ಒಳಗೆ ರೋಬೋಟ್ ಇಳಿಸುತ್ತಾರೆ. ನ್ಯೂಯಾರ್ಕ್, ಲಂಡನ್‌ಗಳಲ್ಲಿ ಬಳಸಿದ ಇಂಥ ಯಂತ್ರ, ಅನಿಲ ಹರಿಯುತ್ತಿರುವಾಗಲೇ ಕೊಳವೆಯೊಳಗೆ ತೆವಳಿ, ಒಂದೊಂದು ಜೋಡಣೆಗೂ ತೂತು ಕೊರೆದು ನಾರಿನೊಳಕ್ಕೆ ಅಂಟು ತುಂಬುತ್ತದೆ.

ಪಾಲಿಎಥಿಲೀನ್ ತುದಿಗಳನ್ನು ಕಾಯಿಸಿ ಒಂದಕ್ಕೊಂದು ಒತ್ತಿ ಬೆಸೆಯುತ್ತಾರೆ, ಇಲ್ಲವೇ ಒಳಗೆ ತಂತಿಯಿರುವ ಜೋಡಣೆಗೆ ವಿದ್ಯುತ್ತು ಕೊಟ್ಟು ಕರಗಿಸಿ ಕೂಡಿಸುತ್ತಾರೆ. ಕೆಲಸ ಸುಲಭ, ಕೆಡಿಸುವುದೂ ಸುಲಭ: ತುದಿಯ ಮೇಲ್ಪದರ ಕೆರೆಯದಿದ್ದರೆ, ಕೆಸರು ಅಂಟಿದ್ದರೆ, ತಣಿಯುವ ಮೊದಲೇ ಅಲುಗಾಡಿಸಿದರೆ ಬೆಸುಗೆ ಹೊರಗೆ ಚೆನ್ನಾಗಿ ಕಂಡು ಒಳಗೆ ಹುಸಿಯಾಗಿರುತ್ತದೆ. ಆಮೇಲೆ ಒತ್ತಡ ಪರೀಕ್ಷೆ. ಪ್ಲಾಸ್ಟಿಕ್ ಕೊಳವೆಯನ್ನು ಲೋಹಶೋಧಕ ಪತ್ತೆ ಮಾಡದಾದ್ದರಿಂದ ಅದರ ಜೊತೆ ತಾಮ್ರದ ತಂತಿ, ಮೇಲೆ ಒಂದಡಿ ಬಿಟ್ಟು ಎಚ್ಚರಿಕೆಯ ಹಳದಿ ಹಾಸು ಹೂಳುವ ರೂಢಿ ಇದೆ.

ಸೋರಿಕೆ ಮತ್ತು ವಾತಾವರಣ

ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಟೆಕ್ಸಸ್‌ನ ನ್ಯೂ ಲಂಡನ್ ಶಾಲೆಯಲ್ಲಿ ಮಾರ್ಚ್ 18, 1937ರಂದು ಸುಮಾರು 300 ಮಕ್ಕಳು ಮತ್ತು ಶಿಕ್ಷಕರು ಸತ್ತ ಸ್ಫೋಟದ ಬಳಿಕ ಗಂಧಕದ ಸಂಯುಕ್ತಗಳನ್ನು ಬೆರೆಸಿ ವಾಸನೆ ಕೊಡುವುದು ಕಡ್ಡಾಯವಾಗುತ್ತ ಬಂತು. ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಬೆರೆತಾಗ ಮಾತ್ರ ಈ ಅನಿಲದ ಮುಖ್ಯ ಭಾಗವಾದ ಮೀಥೇನ್ ಹೊತ್ತಿಕೊಳ್ಳುತ್ತದೆ; ಬಯಲಿನಲ್ಲಿ ಮೇಲೆದ್ದು ಚದುರಿಹೋಗುತ್ತದೆ, ಮುಚ್ಚಿದ ಜಾಗದಲ್ಲಿ ಕೊಲ್ಲುತ್ತದೆ. ನೆಲದಡಿ ಸೋರಿದ್ದು ಬೇರುಗಳ ಸುತ್ತಲ ಆಮ್ಲಜನಕವನ್ನು ಹೊರದೂಡುವುದರಿಂದ ಸಾಲುಮರಗಳು ಒಣಗುವುದೂ ಉಂಟು.

ಬಾಸ್ಟನ್ ವಿಶ್ವವಿದ್ಯಾಲಯದ ನೇತನ್ ಫಿಲಿಪ್ಸ್ ಮತ್ತು ಸಂಗಡಿಗರು ಸೂಕ್ಷ್ಮ ಮಾಪಕ ಇಟ್ಟ ಕಾರಿನಲ್ಲಿ ಆ ನಗರದ 785 ಮೈಲಿ ರಸ್ತೆ ಸುತ್ತಿ 3,356 ಸೋರಿಕೆಗಳನ್ನು ಗುರುತಿಸಿ 2013ರಲ್ಲಿ ಪ್ರಕಟಿಸಿದರು. ಮರುವರ್ಷ ವಾಷಿಂಗ್ಟನ್ನಿನ 1,500 ಮೈಲಿಯಲ್ಲಿ ಸಿಕ್ಕ ಸಂಖ್ಯೆ 5,893. ಇಪ್ಪತ್ತು ವರ್ಷದ ಅವಧಿಯಲ್ಲಿ ಲೆಕ್ಕ ಹಾಕಿದರೆ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಅಲ್ಲಿಗೆ ಸುರಕ್ಷತೆಯ ಪ್ರಶ್ನೆಗೆ ಹವಾಮಾನದ ಪ್ರಶ್ನೆಯೂ ಸೇರಿಕೊಂಡಿತು.

ಖರ್ಚು ಯಾರದು

ಹವಾಮಾನದ ವಾದ ಎರಡು ಕಡೆಗೂ ಹರಿತವಾದದ್ದು. ಸೋರಿಕೆ ನಿಲ್ಲಿಸಲು ಕೊಳವೆ ಬದಲಾಯಿಸಬೇಕು. ಆದರೆ ಇವತ್ತು ಹೂತ ಕೊಳವೆಯ ಸಾಲವನ್ನು ಗ್ರಾಹಕರು ಐವತ್ತು ವರ್ಷ ತೀರಿಸಬೇಕು, ಅಷ್ಟರೊಳಗೆ ಜನ ವಿದ್ಯುತ್ ಒಲೆಗೆ ಹೋಗಿಬಿಟ್ಟರೆ ಉಳಿದವರ ಮೇಲೆ ಹೊರೆ. ಹೂಡಿದ ಬಂಡವಾಳದ ಮೇಲೆ ಲಾಭ ಗೊತ್ತುಮಾಡುವ ಅಮೆರಿಕದ ದರ ಪದ್ಧತಿಯಲ್ಲಿ ಕಂಪನಿಗೆ ರಿಪೇರಿಗಿಂತ ಬದಲಾವಣೆಯೇ ಲಾಭದ್ದು ಎಂಬ ಟೀಕೆಯೂ ಇದೆ, ಅದರಲ್ಲಿ ಹುರುಳೂ ಇದೆ. ಷಿಕಾಗೊದಲ್ಲಿ 2011ರಲ್ಲಿ ಶುರುವಾದ ಯೋಜನೆಯ ಅಂದಾಜು ವೆಚ್ಚ ಹಲವು ಪಟ್ಟು ಏರಿ, 2023ರ ನವೆಂಬರಿನಲ್ಲಿ ಇಲಿನಾಯ್ ರಾಜ್ಯದ ನಿಯಂತ್ರಣ ಆಯೋಗ ಅದಕ್ಕೆ ತಡೆ ಹಾಕಿತು. 2025ರಲ್ಲಿ, 36 ಅಂಗುಲಕ್ಕಿಂತ ಸಣ್ಣ ಕಬ್ಬಿಣದ ಕೊಳವೆಗಳನ್ನು 2035ರೊಳಗೆ ತೆಗೆಯುವುದಕ್ಕೆ ಒತ್ತು ಕೊಡಿ ಎಂದು ಯೋಜನೆಯನ್ನು ಕಿರಿದುಗೊಳಿಸಿತು. ನೆದರ್‌ಲೆಂಡ್ಸ್ 2018ರಿಂದ ಹೊಸ ಮನೆಗಳಿಗೆ ಅನಿಲ ಸಂಪರ್ಕವನ್ನೇ ಸಾಮಾನ್ಯವಾಗಿ ಕೊಡುತ್ತಿಲ್ಲ. ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿ 2024ರಲ್ಲಿ ಅನಿಲ ಕಂಪನಿಯೇ ಒಂದು ಬಡಾವಣೆಗೆ ಭೂಮಿಯ ಶಾಖ ಬಳಸುವ ನೀರಿನ ಕೊಳವೆ ಹಾಕಿಕೊಟ್ಟಿದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಮನೆಗೆ ಕೊಳವೆಯ ನೈಸರ್ಗಿಕ ಅನಿಲ ಗುಜರಾತಿನ ಊರುಗಳಲ್ಲಿ ಮೊದಲು ಬೇರೂರಿತು. ಮುಂಬಯಿಯ ಮಹಾನಗರ್ ಗ್ಯಾಸ್ 1995ರಲ್ಲಿ, ದೆಹಲಿಯ ಇಂದ್ರಪ್ರಸ್ಥ ಗ್ಯಾಸ್ 1998ರಲ್ಲಿ ಸ್ಥಾಪನೆಯಾದವು. 2006ರ ಕಾನೂನಿನಿಂದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಹುಟ್ಟಿತು. ನಗರ ಜಾಲಗಳ ತಾಂತ್ರಿಕ ಮತ್ತು ಸುರಕ್ಷತಾ ಮಾನದಂಡಗಳನ್ನು ಅದು ಗೊತ್ತುಮಾಡುತ್ತದೆ. ಆಂಧ್ರದ ನಗರಂ ಗ್ರಾಮದಲ್ಲಿ ಜೂನ್ 27, 2014ರಂದು ತುಕ್ಕು ಹಿಡಿದ ಗೇಲ್ ಕೊಳವೆಮಾರ್ಗ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಒಣ ಅನಿಲಕ್ಕೆಂದು ಮಾಡಿದ ಕೊಳವೆಯಲ್ಲಿ ನೀರಿನಂಶದ ಅನಿಲ ಹರಿದಿತ್ತು. ಬ್ರಿಟನ್ನಿನಲ್ಲಿ ತೇವ ಹೋದದ್ದು ಕೊಳವೆ ಕೆಡಿಸಿದರೆ ಇಲ್ಲಿ ತೇವ ಬಂದದ್ದು ಕೆಡಿಸಿತು.

ಕರ್ನಾಟಕಕ್ಕೆ ಅನಿಲ ಬಂದದ್ದು 2013ರಲ್ಲಿ, ಸುಮಾರು 1,000 ಕಿಲೋಮೀಟರ್ ಉದ್ದದ ದಾಭೋಲ್–ಬೆಂಗಳೂರು ಮಾರ್ಗದಿಂದ. ಕೊಚ್ಚಿ–ಮಂಗಳೂರು ನಡುವಿನ 450 ಕಿಲೋಮೀಟರ್ ಮಾರ್ಗ ಜನವರಿ 5, 2021ರಂದು ಉದ್ಘಾಟನೆಯಾಯಿತು. ಬೆಂಗಳೂರು, ಮಂಗಳೂರುಗಳಲ್ಲಿ ಗೇಲ್ ಗ್ಯಾಸ್, ಧಾರವಾಡ ಜಿಲ್ಲೆಯಲ್ಲಿ ಇಂಡಿಯನ್ ಆಯಿಲ್–ಅದಾನಿ, ಬೆಳಗಾವಿ, ತುಮಕೂರುಗಳಲ್ಲಿ ಮೇಘಾ ಸಂಸ್ಥೆ ಜಾಲ ಹರಡುತ್ತಿವೆ. ಹೆದ್ದಾರಿಯಂಚಿನಲ್ಲಿ ಲೇಪನದ ಉಕ್ಕು, ಬಡಾವಣೆಗಳಲ್ಲಿ 4 ಬಾರ್ ಒತ್ತಡದವರೆಗಿನ ಪಾಲಿಎಥಿಲೀನ್, ಅಡುಗೆಮನೆಗೆ 21 ಮಿಲಿಬಾರ್: ಇದು ಸಾಮಾನ್ಯ ಏರ್ಪಾಡು.

ಪಾಲಿಎಥಿಲೀನ್ ಕೊಳವೆಯ ಬಲವನ್ನು ಗೊತ್ತುಮಾಡುವುದು 20 ಡಿಗ್ರಿ ಉಷ್ಣತೆಯಲ್ಲಿ 50 ವರ್ಷದ ಲೆಕ್ಕಕ್ಕೆ. ಕಲಬುರಗಿ, ರಾಯಚೂರಿನ ನೆಲ ಅಷ್ಟು ತಂಪಾಗಿರುವುದಿಲ್ಲ. ಬಿಸಿ ಹೆಚ್ಚಿದಂತೆ ಕೊಳವೆ ತಾಳುವ ಒತ್ತಡ ಕಡಿಮೆ. ಉತ್ತರ ಕರ್ನಾಟಕದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಜೋಡಣೆಗಳನ್ನು ಜಗ್ಗುತ್ತದೆ. ಆದರೂ ಮುಂದಿನ ಹತ್ತಿಪ್ಪತ್ತು ವರ್ಷ ನಮ್ಮ ನಗರಗಳ ದೊಡ್ಡ ಶತ್ರು ವಯಸ್ಸಲ್ಲ, ಜೆಸಿಬಿ. ಜಲಮಂಡಳಿ, ವಿದ್ಯುತ್ ಕಂಪನಿ, ಇಂಟರ್‌ನೆಟ್ ಕೇಬಲಿನವರು ಒಬ್ಬರಾದ ಮೇಲೊಬ್ಬರು ಅದೇ ರಸ್ತೆಯನ್ನು ಅಗೆಯುತ್ತಾರೆ. ಬೆಂಗಳೂರಿನಲ್ಲಿ ಆಗಿನ ಬಿಬಿಎಂಪಿ ರಸ್ತೆ ಅಗೆತದ ಅನುಮತಿಗೆ ‘ಮಾರ್ಕ್ಸ್’ ಎಂಬ ಸಮನ್ವಯ ವ್ಯವಸ್ಥೆ ತಂದಿತು. ಕೇಂದ್ರ ಸರ್ಕಾರ ಮಾರ್ಚ್ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಡುಗಡೆ ಮಾಡಿತು. ಎರಡೂ ಕೆಲಸಕ್ಕೆ ಬರುವುದು ಹೂತ ಕೊಳವೆಯ ನಿಜವಾದ ಜಾಗ, ಆಳ, ವ್ಯಾಸ, ಬೆಸುಗೆ ಹಾಕಿದವರ ಗುರುತು ಹೂತ ದಿನವೇ ದಾಖಲಾದರೆ ಮಾತ್ರ. ಗುತ್ತಿಗೆದಾರ ಬಿಲ್ಲಿಗೆಂದು ಆಮೇಲೆ ಬರೆದುಕೊಟ್ಟ ನಕ್ಷೆ ಸಾಲದು. ಸ್ಯಾನ್ ಬ್ರೂನೊ, ಲಾರೆನ್ಸ್‌ಗಳಿಗೆ ಇಲ್ಲದಿದ್ದ ಅವಕಾಶ ಕರ್ನಾಟಕದ ಊರುಗಳಿಗೆ ಇದೆ, ಏಕೆಂದರೆ ಇಲ್ಲಿ ಕೊಳವೆ ಈಗಷ್ಟೇ ನೆಲ ಸೇರುತ್ತಿದೆ.

ಓದುಗರ ಪಾಲಿನ ಕೆಲಸ ಸಣ್ಣದು. ಗೇಟಿನ ಕಂಬಕ್ಕಾಗಲಿ, ಕೊಳವೆಬಾವಿಗಾಗಲಿ ಮನೆ ಮುಂದೆ ಅಗೆಯುವ ಮೊದಲು ಅನಿಲ ಕಂಪನಿಗೆ ಕರೆ ಮಾಡಿ ಕೊಳವೆ ಎಲ್ಲಿದೆಯೆಂದು ಗುರುತು ಹಾಕಿಸಿಕೊಳ್ಳಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಬೆಂಕಿಕಡ್ಡಿ ಗೀರದೆ, ಬಾಗಿಲು ತೆರೆದಿಟ್ಟು ಹೊರಗೆ ಬಂದು, ಅಲ್ಲಿಂದ ಫೋನ್ ಮಾಡಿ.